"ಗಾಳಿ ಹಿಡ್ಕಂಡದೆ" ಯಾವ ಪುಟದಲ್ಲಿದೆ? ಒಂದು ಸರ್ವಿಸ್ ಮ್ಯಾನ್ಯುಯಲ್‌ಗೆ ಎರಡು ಸಲ ಇಂಡೆಕ್ಸ್ ಮಾಡಿದ ಪ್ರಕರಣ

ಮ್ಯಾನ್ಯುಯಲ್ ಬರೆಯೋ ಕೆಲಸದಲ್ಲಿರೋರಿಗೆ, ಅದ್ರಲ್ಲೂ ಕನ್ನಡದಲ್ಲಿ ಬರೆಯೋರಿಗೆ ಉಪಯೋಗ ಆಗ್ಲಿ ಅಂತ ಈ ಪ್ರಕರಣವನ್ನ ಪೂರ್ತಿ ಬರೀತಿದೀನಿ. ಕಂಪನಿ ಯಾವ್ದು, ಊರು ಯಾವ್ದು ಅಂತ ಹೇಳಲ್ಲ. ಇಂಡೆಕ್ಸ್ ಮಾಡಿದ ಹುಡುಗಿಯನ್ನ ಸುಮಾ ಅಂತ ಕರೀತೀನಿ, ಅದು ಅವಳ ಹೆಸರಲ್ಲ, ಅವಳು ಇದನ್ನ ಓದಿ ಒಪ್ಪಿದ ಮೇಲೇನೇ ಹಾಕ್ತಿರೋದು. ಮೆಕ್ಯಾನಿಕ್ ಅವರನ್ನ ಊರಲ್ಲಿ ಎಲ್ಲರೂ ಮೇಸ್ತ್ರಿ ಅಂತಾರೆ, ನಾನೂ ಹಾಗೇ ಬರೀತೀನಿ. ಪುಟ ಸಂಖ್ಯೆಗಳನ್ನೂ ಬದಲಾಯಿಸಿದೀನಿ.

ಹಿನ್ನೆಲೆ

ಬೆಂಗಳೂರಿನಲ್ಲಿ ನಾಲ್ಕು ಜನರ ಒಂದು ಡಾಕ್ಯುಮೆಂಟೇಶನ್ ಟೀಮ್ ನಮ್ದು. ಕೃಷಿ ಯಂತ್ರ ಮಾಡೋ ಕಂಪನಿಯೊಂದು ತನ್ನ ಪವರ್ ಟಿಲ್ಲರ್‌ಗೆ ಕನ್ನಡದಲ್ಲಿ ಸರ್ವಿಸ್ ಮ್ಯಾನ್ಯುಯಲ್ ಬೇಕು ಅಂತ ಬಂತು. ಒಂದೇ ಸಿಲಿಂಡರ್‌ನ ಡೀಸೆಲ್ ಎಂಜಿನ್, ನೀರಿನ ಕೂಲಿಂಗ್, ಹ್ಯಾಂಡಲ್ ಹಾಕಿ ತಿರುಗಿಸಿ ಸ್ಟಾರ್ಟ್ ಮಾಡೋದು, ಗದ್ದೆ ಕಡೆ ಓಡಾಡಿದೋರು ನೋಡೇ ಇರ್ತೀರ. ಸುಮಾರು 160 ಪುಟದ ಪುಸ್ತಕ. ಡೀಲರ್‌ಗಳ ವರ್ಕ್‌ಶಾಪ್‌ಗೆ ಮತ್ತೆ ತಾಲೂಕು ಮಟ್ಟದ ಗ್ಯಾರೇಜ್‌ಗಳಿಗೆ ಹೋಗ್ಬೇಕಾಗಿತ್ತು.

ಸುಮಾ ಆಗ ಸೇರಿ ಒಂದು ವರ್ಷ ಆಗಿತ್ತು. ಬರವಣಿಗೆ ಚೆನ್ನಾಗಿತ್ತು, ಅಚ್ಚುಕಟ್ಟು. ಪುಸ್ತಕ ಮುಗಿದ ಮೇಲೆ ಇಂಡೆಕ್ಸ್ ಮಾಡು ಅಂತ ನಾನೇ ಅವಳಿಗೆ ಕೊಟ್ಟೆ, ಪ್ಲಾನ್‌ನಲ್ಲಿ ಅದಕ್ಕೆ ಇಟ್ಟಿದ್ದ ಸಮಯ ಅರ್ಧ ದಿನ. ಆ ಅರ್ಧ ದಿನ ಅನ್ನೋ ಅಂದಾಜೇ ಮೊದಲ ತಪ್ಪು, ಅದು ನನ್ನದು.

ಇಲ್ಲಿ ಒಂದು ಮಾತು ಹೇಳ್ಬೇಕು. ನಮ್ಮಲ್ಲಿ ಇಂಡೆಕ್ಸ್ ಅಂದ್ರೆ ಏನು ಅನ್ನೋದ್ರಲ್ಲೇ ಗೊಂದಲ ಇದೆ. ಶಾಲೆಯ ನೋಟ್‌ಬುಕ್ ತೆಗೆದ್ರೆ ಮೊದಲ ಪುಟದಲ್ಲೇ ಇಂಡೆಕ್ಸ್ ಅಂತ ಅಚ್ಚಾಗಿರುತ್ತೆ, ಕ್ರಮ ಸಂಖ್ಯೆ, ದಿನಾಂಕ, ಪಾಠದ ಹೆಸರು, ಪುಟ. ಅದು ಇಂಡೆಕ್ಸ್ ಅಲ್ಲ, ಪರಿವಿಡಿ. ಆದ್ರೆ ಹತ್ತು ವರ್ಷ ಅದನ್ನೇ ಇಂಡೆಕ್ಸ್ ಅಂತ ತುಂಬಿಸಿ ಬಂದಿರೋದ್ರಿಂದ ಕಂಪನಿಯ ಸರ್ವಿಸ್ ವಿಭಾಗದೋರು "ಇಂಡೆಕ್ಸ್ ಮುಂದೇನೇ ಇದೆಯಲ್ಲ, ಹಿಂದೆ ಇನ್ನೊಂದು ಯಾಕೆ" ಅಂದ್ರು. ಪರಿವಿಡಿ ಪುಸ್ತಕ ಬರೆದೋನ ಕ್ರಮವನ್ನ ತೋರಿಸುತ್ತೆ, ಇಂಡೆಕ್ಸ್ ಅಂದ್ರೆ ಪುಸ್ತಕದ ಹಿಂದೆ ಅಕ್ಷರ ಕ್ರಮದಲ್ಲಿ ಪದ, ಅದರ ಮುಂದೆ ಪುಟ ಸಂಖ್ಯೆ ಇರೋ ಪಟ್ಟಿ, ಅದು ಓದೋನ ಕೈಲಿರೋ ಪ್ರಶ್ನೆಗೆ ದಾರಿ ತೋರಿಸುತ್ತೆ, ಎರಡೂ ಬೇರೆ ಬೇರೆ ಕೆಲಸ ಅಂತ ವಿವರಿಸಿದೆ. ಆಮೇಲೆ ಅವರು ಕೇಳಿದ್ದು ಇನ್ನೊಂದು, ಪಿಡಿಎಫ್ ಇರುತ್ತಲ್ಲ ಮೊಬೈಲಲ್ಲಿ ಸರ್ಚ್ ಮಾಡ್ಕೋತಾರೆ ಅಂತ. ಪ್ರೆಸ್‌ನೋರು ಪೇಜ್ ಮಾಡ್ತಿದ್ದದ್ದು ಹಳೇ ಆಸ್ಕಿ ಫಾಂಟಲ್ಲಿ, ಅಂಥ ಪಿಡಿಎಫ್‌ನಲ್ಲಿ ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದ್ರೆ ಏನೂ ಸಿಗಲ್ಲ, ಯಾಕಂದ್ರೆ ಒಳಗಡೆ ಇರೋದು ಕನ್ನಡ ಅಕ್ಷರವೇ ಅಲ್ಲ, ಇಂಗ್ಲಿಷ್ ಅಕ್ಷರಗಳ ಕೋಡ್‌ಗೆ ಕನ್ನಡದ ಚಿತ್ರ ಅಂಟಿಸಿರೋದು. ಯೂನಿಕೋಡ್ (ಕನ್ನಡ ಅಕ್ಷರಗಳಿಗೇ ಸ್ವಂತ ಕೋಡ್ ಸಂಖ್ಯೆ ಇರೋ ಪದ್ಧತಿ) ಇದ್ರೂ ಸರ್ಚ್ ಹುಡುಕೋದು ಪುಸ್ತಕದಲ್ಲಿ ಇರೋ ಪದವನ್ನ ಮಾತ್ರ. ಓದೋನ ಬಾಯಲ್ಲಿರೋ ಪದ ಪುಸ್ತಕದಲ್ಲಿ ಇಲ್ಲದಿದ್ರೆ? ಈ ಪ್ರಕರಣ ಪೂರ್ತಿ ನಿಂತಿರೋದೇ ಆ ಪ್ರಶ್ನೆ ಮೇಲೆ.

ಮೊದಲನೇ ಇಂಡೆಕ್ಸ್

ನಮ್ಮ ಮೂಲ ಪ್ರತಿ ಇದ್ದದ್ದು ವರ್ಡ್‌ನಲ್ಲಿ. ಅಲ್ಲಿ ಒಂದು ಪದ ಆರಿಸಿ ಆಲ್ಟ್, ಶಿಫ್ಟ್, ಎಕ್ಸ್ ಒತ್ತಿದ್ರೆ ಇಂಡೆಕ್ಸ್ ಎಂಟ್ರಿ ಮಾರ್ಕ್ ಮಾಡೋ ಬಾಕ್ಸ್ ಬರುತ್ತೆ, ಅದ್ರಲ್ಲಿ "ಮಾರ್ಕ್ ಆಲ್" ಅಂತ ಒಂದು ಬಟನ್. ಒತ್ತಿದ್ರೆ ಅದೇ ಪದ ಬರೋ ಪ್ರತಿ ಪ್ಯಾರಾದಲ್ಲೂ ಗುರುತು ಬೀಳುತ್ತೆ. ಸುಮಾ ಪುಸ್ತಕದ ಎಲ್ಲ ಹೆಡಿಂಗ್‌ಗಳನ್ನ ಪಟ್ಟಿ ಮಾಡಿದ್ಲು, ಬಿಡಿಭಾಗಗಳ ಹೆಸರು ಸೇರಿಸಿದ್ಲು, ಒಂದೊಂದನ್ನೇ ಮಾರ್ಕ್ ಆಲ್ ಮಾಡ್ತಾ ಹೋದ್ಲು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಪುಟದ ಇಂಡೆಕ್ಸ್ ರೆಡಿ. ನೋಡೋಕೆ ಇಂಡೆಕ್ಸ್ ಥರಾನೇ ಇತ್ತು. ಅದ್ರಿಂದ ಮೂರು ಸಾಲು ಇಲ್ಲಿ ಕೊಡ್ತೀನಿ:

ಇಂಧನ ವ್ಯವಸ್ಥೆಯ ನಿರ್ವಾಯುಗೊಳಿಸುವಿಕೆ, 71
ಎಂಜಿನ್, 3, 4, 5, 8, 9, 11, 12, 14, 15, 19, 22, 23, 24, 30, 31, 33, 36...
ಡೀಸೆಲ್, 5, 9, 12, 18, 24, 36, 37, 41, 58, 66, 67, 70, 71, 72, 88...

ಎಂಜಿನ್ ಮುಂದೆ ನಲವತ್ತಕ್ಕೂ ಹೆಚ್ಚು ಪುಟ ಇತ್ತು. ನಾನು ನೋಡಿದೆ, ಇದು ಸರಿಯಿಲ್ಲ ಅಂತ ಅನ್ನಿಸ್ತು, ಆದ್ರೆ ಏನು ಸರಿಯಿಲ್ಲ ಅಂತ ಬಾಯಲ್ಲಿ ಹೇಳಿದ್ರೆ ಅವಳಿಗೆ ಅದು ಇನ್ನೊಂದು ರೂಲ್ ಆಗುತ್ತೆ ಅಷ್ಟೇ. ಪ್ರೆಸ್‌ಗೆ ಕಳಿಸೋಕೆ ಎರಡು ವಾರ ಟೈಮ್ ಇತ್ತು. ಹೇಗೂ ಚಿತ್ರಗಳನ್ನ ಚೆಕ್ ಮಾಡೋಕೆ ಮಂಡ್ಯ ಕಡೆಯ ಒಂದು ಗ್ಯಾರೇಜ್‌ಗೆ ಹೋಗೋದಿತ್ತು, ಪ್ರಿಂಟ್ ತೆಗೆದು ಸ್ಪೈರಲ್ ಹಾಕಿಸಿ ಪುಸ್ತಕ ಜೊತೆಗೆ ತಗೊಂಡು ಹೋಗು, ಮೇಸ್ತ್ರಿ ಕೈಗೆ ಕೊಡು, ಏನೂ ಹೇಳ್ಬೇಡ, ಸುಮ್ನೆ ನೋಡ್ಕೊಂಡು ಬಾ ಅಂದೆ. ಈ ಪ್ರಕರಣದಲ್ಲಿ ನಾನು ತಗೊಂಡ ಒಳ್ಳೇ ನಿರ್ಧಾರ ಅಂತ ಇದ್ರೆ ಇದೊಂದೇ.

ಗ್ಯಾರೇಜಿನಲ್ಲಿ ಆ ಮಧ್ಯಾಹ್ನ

ಸುಮಾ ಹೋದಾಗ ಒಂದು ಟಿಲ್ಲರ್ ಬಂದು ನಿಂತಿತ್ತು, ಸ್ಟಾರ್ಟ್ ಆಗ್ತಿರ್ಲಿಲ್ಲ. ಮೇಸ್ತ್ರಿ ಎರಡು ಸಲ ಹ್ಯಾಂಡಲ್ ತಿರುಗಿಸಿ ಕಿವಿಗೊಟ್ಟು ಕೇಳಿ, "ಗಾಳಿ ಹಿಡ್ಕಂಡದೆ ಕಣವ್ವ, ಡೀಸೆಲ್ ಪೂರ್ತಿ ಖಾಲಿ ಆಗೋಗಂಟ ಓಡ್ಸವ್ನೆ" ಅಂದ್ರಂತೆ. ಡೀಸೆಲ್ ಲೈನಲ್ಲಿ ಗಾಳಿ ಸೇರ್ಕೊಂಡ್ರೆ ಅದನ್ನ ಹೊರಗೆ ಬಿಡೋದು ಹೇಗೆ ಅಂತ ಇಪ್ಪತ್ತು ವರ್ಷದಿಂದ ರಿಪೇರಿ ಮಾಡ್ತಿರೋ ಮನುಷ್ಯನಿಗೆ ಗೊತ್ತಿಲ್ದೇ ಇರುತ್ತಾ. ಫಿಲ್ಟರ್ ಮೇಲಿನ ಬೋಲ್ಟ್ ಸಡಿಲ ಮಾಡು, ಗುಳ್ಳೆ ನಿಂತು ಬರೀ ಡೀಸೆಲ್ ಬರೋವರ್ಗೂ ಬಿಡು, ಬಿಗಿ ಮಾಡು, ಆಮೇಲೆ ಪಂಪ್ ಹತ್ರ ಹಾಗೇ ಮಾಡು, ಕೊನೆಗೆ ನಾಜಲ್ ಪೈಪ್. ಆದ್ರೆ ಹೊಸ ಮಾಡೆಲ್‌ನಲ್ಲಿ ಫಿಲ್ಟರ್ ಜಾಗ ಬದಲಾಗಿತ್ತು, ಎರಡು ಬೋಲ್ಟ್ ಇದ್ವು, ಯಾವ್ದು ಸಡಿಲ ಮಾಡ್ಬೇಕು ಅನ್ನೋದಷ್ಟೇ ಅವರಿಗೆ ಬೇಕಾಗಿದ್ದದ್ದು.

ಪುಸ್ತಕ ತಗೊಂಡ್ರು. ಕೈ ಒರೆಸ್ಕೊಂಡು ಹಿಂದಿನ ಪುಟ ತೆಗೆದ್ರು. "ಗ" ಹುಡುಕಿ ಬೆರಳು ಇಟ್ಟು ಕೆಳಗೆ ಬಂದ್ರು, ಗಾಳಿ ಇರ್ಲಿಲ್ಲ. "ಏ"ಗೆ ಹೋದ್ರು, ಏರ್ ಅಂತ ಇರಬಹುದೇನೋ ಅಂತ, ಅಲ್ಲಿ "ಏರ್ ಕ್ಲೀನರ್" ಇತ್ತು, ಅದು ಬೇರೆ ಭಾಗ. "ಡ"ಗೆ ಬಂದು ಡೀಸೆಲ್ ಕಂಡ್ಕೊಂಡ್ರು, ಸಾಲು ಸಾಲು ಪುಟ. 5 ತೆಗೆದ್ರು, ಸುರಕ್ಷತೆ ಸೂಚನೆ. 9 ತೆಗೆದ್ರು, ಟ್ಯಾಂಕ್ ಎಷ್ಟು ಲೀಟರ್ ಅಂತ. 12 ತೆಗೆದ್ರು. ಅಲ್ಲಿಗೆ ಪುಸ್ತಕ ಮುಚ್ಚಿ ಟೂಲ್ ಬಾಕ್ಸ್ ಮೇಲೆ ಇಟ್ಟು, ಎರಡೂ ಬೋಲ್ಟ್ ಒಂದೊಂದಾಗಿ ಬಿಚ್ಚಿ ನೋಡಿ ಕೆಲಸ ಮುಗಿಸಿದ್ರು. ಬೇಕಾಗಿದ್ದ ಚಿತ್ರ 71ನೇ ಪುಟದಲ್ಲಿತ್ತು, ಬಾಣದ ಗುರುತು ಹಾಕಿ ಸುಮಾ ತಾನೇ ಚೆನ್ನಾಗಿ ಬರೆದ ಪುಟ ಅದು.

ವಾಪಸ್ ಬಂದ ಮೇಲೆ ಅವಳು ಬಹಳ ಹೊತ್ತು ಮಾತಾಡ್ಲಿಲ್ಲ. ಆಮೇಲೆ ಹೇಳಿದ್ದು, "ನಿರ್ವಾಯುಗೊಳಿಸುವಿಕೆ ಅನ್ನೋ ಪದ ಹುಡುಕ್ಕೊಂಡು ಈ ಭೂಮಿ ಮೇಲೆ ಯಾರೂ ಬರಲ್ಲ ಸರ್." ಅಷ್ಟೇ ಸಾಕಾಗಿತ್ತು. ಮೂರು ತಪ್ಪೂ ಅವಳ ಕಣ್ಣ ಮುಂದೇನೇ ನಡೆದುಹೋಗಿತ್ತು. ಓದೋನ ಪದ ಇಂಡೆಕ್ಸ್‌ನಲ್ಲಿ ಇಲ್ಲ, ಇದ್ದ ಪದದ ಮುಂದೆ ಪುಟಗಳ ಗುಡ್ಡೆ, ಆ ಗುಡ್ಡೆಯಲ್ಲಿ ಸುಮ್ನೆ ಆ ಪದ ಬಂದುಹೋದ ಪುಟಕ್ಕೂ ನಿಜವಾಗಿ ವಿಷಯ ಇರೋ ಪುಟಕ್ಕೂ ವ್ಯತ್ಯಾಸವೇ ಇಲ್ಲ.

ಎರಡನೇ ಸಲ

ಮೊದಲು ಟೈಮ್ ಕೇಳ್ಬೇಕಾಯ್ತು. ಎಂಟು ದಿನ ಕೇಳಿದ್ವಿ, ಆರು ದಿನ ಸಿಕ್ತು. ಹಳೇ ಇಂಡೆಕ್ಸ್‌ನ ತಿದ್ದೋಣವಾ, ಪೂರ್ತಿ ಬಿಸಾಕೋಣವಾ ಅಂತ ಚರ್ಚೆ ಆಯ್ತು, ಬಿಸಾಕಿದ್ವಿ. ಮಾರ್ಕ್ ಆಲ್‌ನಿಂದ ಬಂದ ಸಾವಿರಾರು ಗುರುತುಗಳಲ್ಲಿ ಯಾವ್ದು ಬೇಕು ಯಾವ್ದು ಬೇಡ ಅಂತ ಆರಿಸೋದಕ್ಕಿಂತ ಹೊಸದಾಗಿ ಓದ್ಕೊಂಡು ಹೋಗೋದೇ ಬೇಗ ಆಗುತ್ತೆ, ಇದನ್ನ ಬೇರೆಯವರಿಗೂ ಧೈರ್ಯವಾಗಿ ಹೇಳ್ತೀನಿ.

ಇಲ್ಲಿ ನಮಗೆ ಸಹಾಯ ಮಾಡಿದ್ದು ಒಬ್ಬರು ನಿವೃತ್ತ ಲೈಬ್ರೇರಿಯನ್, ನನಗೆ ಪರಿಚಯದೋರು. ಲೈಬ್ರರಿ ವಿಜ್ಞಾನದ ದೊಡ್ಡ ಹೆಸರು ಎಸ್. ಆರ್. ರಂಗನಾಥನ್ ಅವರು 1962ರಲ್ಲಿ ನಮ್ಮ ಬೆಂಗಳೂರಲ್ಲೇ ಡಾಕ್ಯುಮೆಂಟೇಶನ್ ರಿಸರ್ಚ್ ಅಂಡ್ ಟ್ರೇನಿಂಗ್ ಸೆಂಟರ್ ಶುರು ಮಾಡಿದ್ರು, ಲೈಬ್ರರಿಗೆ ಅವರು ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೇದು ಓದುಗನ ಸಮಯ ಉಳಿಸು ಅನ್ನೋದು. ಅದು ಎಲ್ಲ ಕಡೆ ಗೋಡೆ ಮೇಲೆ ಬರೆದಿರುತ್ತೆ, ಆದ್ರೆ ಈ ಲೈಬ್ರೇರಿಯನ್ ಮೇಡಂ ನಮಗೆ ಹೇಳ್ಕೊಟ್ಟದ್ದು ರಂಗನಾಥನ್ ಅವರ ಚೈನ್ ಇಂಡೆಕ್ಸಿಂಗ್. ಲೈಬ್ರರಿ ವರ್ಗೀಕರಣಕ್ಕೆ ಮಾಡಿದ ವಿಧಾನ ಅದು, ಮ್ಯಾನ್ಯುಯಲ್‌ಗೂ ಹೊಂದುತ್ತೆ. ಒಂದು ವಿಷಯ ಪುಸ್ತಕದಲ್ಲಿ ಎಲ್ಲಿ ಕೂತಿದೆ ಅನ್ನೋ ಸರಪಳಿ ಬರೀರಿ: ಎಂಜಿನ್, ಅದರೊಳಗೆ ಇಂಧನ ವ್ಯವಸ್ಥೆ, ಅದರೊಳಗೆ ಡೀಸೆಲ್ ಫಿಲ್ಟರ್, ಅದರೊಳಗೆ ಗಾಳಿ ತೆಗೆಯುವುದು. ಈಗ ಕೊನೆ ಕೊಂಡಿಯಿಂದ ಹಿಂದಕ್ಕೆ ಬನ್ನಿ. ಪ್ರತಿ ಕೊಂಡಿಯನ್ನೂ ಕೈಲಿ ಹಿಡಿದು ಕೇಳಿ, ಈ ಪದ ಹಿಡ್ಕೊಂಡು ಯಾರಾದ್ರೂ ಬರ್ತಾರಾ? ಬರ್ತಾರೆ ಅಂದ್ರೆ ಎಂಟ್ರಿ. ಬರಲ್ಲ ಅಂದ್ರೆ ಅದು ಯಾರೂ ಹುಡುಕದ ಕೊಂಡಿ, ಬಿಟ್ಬಿಡಿ. "ಇಂಧನ ವ್ಯವಸ್ಥೆ" ಅನ್ನೋದನ್ನ ಸುಮಾ ಅವತ್ತೇ ಹೊಡೆದು ಹಾಕಿದ್ಲು. ಪರಿವಿಡಿಗೆ ಬೇಕಾದ ಪದ ಅದು, ಗ್ಯಾರೇಜಿಗೆ ಬೇಡ.

ಆಮೇಲೆ ಅವಳು ಮಾಡಿದ್ದು ನನಗೆ ತುಂಬ ಹಿಡಿಸಿದ ಕೆಲಸ. ಪುಟ ಪುಟ ಓದ್ತಾ, ಪ್ರತಿ ಪುಟದ ಅಂಚಲ್ಲಿ ಪೆನ್ಸಿಲಲ್ಲಿ ಒಂದು ಪ್ರಶ್ನೆ ಬರೆದ್ಲು, ಯಾವ ತೊಂದ್ರೆ ಬಂದಾಗ ಒಬ್ಬ ಮನುಷ್ಯ ಈ ಪುಟ ಹುಡುಕ್ತಾನೆ ಅಂತ. "ಕರಿ ಹೊಗೆ ಬರ್ತಿದೆ, ಯಾಕೆ?" "ಆಯಿಲ್ ಎಷ್ಟು ಹಿಡಿಸುತ್ತೆ?" "ಬೆಲ್ಟ್ ಎಷ್ಟು ಬಿಗಿ ಇರ್ಬೇಕು?" "ಕ್ಲಚ್ ಜಾರ್ತಿದೆ." ಕೆಲವು ಪುಟಕ್ಕೆ ಐದಾರು ಪ್ರಶ್ನೆ ಬಂತು, ಕೆಲವಕ್ಕೆ ಒಂದೂ ಇಲ್ಲ. ಪ್ರಶ್ನೆ ಬರದ ಪುಟದ ಮೇಲೆ ಸುಮ್ನೆ ಎಂಟ್ರಿ ಹಾಕೋದು ಬೇಡ ಅಂತ ತೀರ್ಮಾನ ಮಾಡಿದ್ವಿ. ಆ ಪ್ರಶ್ನೆಗಳ ಒಳಗಿಂದಲೇ ಎಂಟ್ರಿ ಹುಟ್ಟಿದ್ದು. ಹೊಗೆ ಅಂತ ಹಳೇ ಇಂಡೆಕ್ಸ್‌ನಲ್ಲಿ ಇರಲೇ ಇಲ್ಲ, ಯಾಕಂದ್ರೆ ಪುಸ್ತಕದಲ್ಲಿ ಆ ವಿಷಯ "ದೋಷ ನಿವಾರಣಾ ಕೋಷ್ಟಕ" ಅನ್ನೋ ಹೆಡಿಂಗ್ ಕೆಳಗೆ ಒಂದು ಟೇಬಲ್ಲಿನ ಒಳಗೆ ಇತ್ತು. ಈಗ ಹೀಗಾಯ್ತು:

ಹೊಗೆ
  ಕರಿ (ಲೋಡ್ ಜಾಸ್ತಿ, ಏರ್ ಕ್ಲೀನರ್ ಕಟ್ಟಿರುವುದು, ನಾಜಲ್), 132
  ನೀಲಿ (ಎಂಜಿನ್ ಆಯಿಲ್ ಸುಡುವುದು), 133
  ಬಿಳಿ (ಡೀಸೆಲ್‌ನಲ್ಲಿ ನೀರು), 133

ಇದನ್ನೇ "ಕ"ದಲ್ಲಿ "ಕರಿ ಹೊಗೆ, 132" ಅಂತ ಇನ್ನೊಂದು ಸಲ ಹಾಕಿದ್ಲು. ಎರಡು ಜಾಗದಲ್ಲಿ ಹಾಕೋದಾ ಅಥವಾ ಒಂದು ಕಡೆ ಹಾಕಿ ಇನ್ನೊಂದು ಕಡೆ "ನೋಡಿ" ಅನ್ನೋದಾ ಅಂತ ಬಹಳ ಸಲ ಪ್ರಶ್ನೆ ಬಂತು. ನಾವು ಇಟ್ಕೊಂಡ ನಿಯಮ: ಒಂದೋ ಎರಡೋ ಪುಟ ಸಂಖ್ಯೆ ಇದ್ರೆ ಎರಡೂ ಕಡೆ ಸಂಖ್ಯೆನೇ ಕೊಡು, ಕೈಗೆ ಗ್ರೀಸ್ ಹತ್ತಿರೋ ಮನುಷ್ಯನನ್ನ ಸುಮ್ನೆ ಇನ್ನೊಂದು ಪುಟಕ್ಕೆ ಓಡಿಸ್ಬೇಡ. ಕೆಳಗೆ ಉಪ ಎಂಟ್ರಿಗಳ ಸಾಲೇ ಇದ್ರೆ ಮಾತ್ರ "ನೋಡಿ".

ಎಂಜಿನ್ ಮುಂದಿನ ನಲವತ್ತು ಪುಟ ಏನಾಯ್ತು ಅಂದ್ರೆ, ಎಂಜಿನ್ ಅನ್ನೋ ಎಂಟ್ರಿಗೆ ನೇರ ಪುಟ ಸಂಖ್ಯೆನೇ ಉಳೀಲಿಲ್ಲ. ಆಯಿಲ್, ಬಿಸಿ ಆಗುವುದು, ಶಬ್ದ, ಸ್ಟಾರ್ಟ್ ಆಗದಿರುವುದು ಅಂತ ಒಳಗೆ ಹಂಚಿಹೋಯ್ತು. ಒಂದು ಪದದ ಮುಂದೆ ಐದಾರಕ್ಕಿಂತ ಜಾಸ್ತಿ ಪುಟ ಸಂಖ್ಯೆ ಬಂತು ಅಂದ್ರೆ ಒಡೆಯಬೇಕು ಅನ್ನೋದು ಇಂಡೆಕ್ಸ್ ಮಾಡೋರೆಲ್ಲ ಹೇಳೋ ಮಾತು, ಸುಮಾ ಐದಕ್ಕೇ ಗೆರೆ ಎಳೆದ್ಲು.

ಬರೀ ಹೆಸರು ಬಂದುಹೋದ ಪುಟ ತೆಗೀಬೇಕು ಅನ್ನೋದೂ ಸರಿನೇ, ಆದ್ರೆ ಅದ್ರಲ್ಲೂ ಒಂದು ಕಡೆ ನಾವು ನಿಲ್ಲಬೇಕಾಯ್ತು. 12ನೇ ಪುಟದಲ್ಲಿ "ಈ ಮಾಡೆಲ್‌ಗೆ ಬ್ಯಾಟರಿ ಬೇಕಿಲ್ಲ" ಅಂತ ಒಂದೇ ಒಂದು ವಾಕ್ಯ ಇತ್ತು. ನಾನು ಅದು ಬಂದುಹೋದ ಮಾತು, ತೆಗಿ ಅಂದೆ. ಸುಮಾ ಒಪ್ಪಲಿಲ್ಲ, ಬೇರೆ ಮಾಡೆಲ್ ರಿಪೇರಿ ಮಾಡಿ ಅಭ್ಯಾಸ ಇರೋರು ಬ್ಯಾಟರಿ ಎಲ್ಲಿದೆ ಅಂತಾನೇ ಹುಡುಕ್ತಾರೆ, ಇಲ್ಲ ಅನ್ನೋದೂ ಅವರಿಗೆ ಉತ್ತರವೇ ಅಂದ್ಲು. ಅವಳೇ ಸರಿ. "ಬ್ಯಾಟರಿ (ಬೇಕಿಲ್ಲ), 12" ಅಂತ ಉಳೀತು.

ಪದಗಳು ಎಲ್ಲಿಂದ ಬಂದವು

ಗ್ಯಾರೇಜಿಗೆ ಇನ್ನೆರಡು ಸಲ ಹೋಗಿ ಬಂದ್ಲು, ಈ ಸಲ ನೋಟ್‌ಬುಕ್ ಹಿಡ್ಕೊಂಡು. ಮೇಸ್ತ್ರಿ ಮತ್ತೆ ಹುಡುಗರು ಮಾತಾಡೋದನ್ನ ಬರ್ಕೊಂಡ್ಲು. ನಾವು ಸ್ಪ್ಯಾನರ್ ಅಂತ ಬರೆದದ್ದನ್ನ ಅವರು ಪಾನಾ ಅಂತಿದ್ರು. ನಾವು ಇಂಜೆಕ್ಟರ್ ಅಂತ ಬರೆದಿದ್ವಿ, ಅವರ ಬಾಯಲ್ಲಿ ನಾಜಲ್. ರೋಟರಿ ಬ್ಲೇಡ್ ಅಂದ್ರೆ ಅವರಿಗೆ ಹಲ್ಲು. ಪುಸ್ತಕದ ಒಳಗಿನ ಪದ ಬದಲಾಯಿಸೋಕೆ ಕಂಪನಿ ಒಪ್ಪಲಿಲ್ಲ, ಬಿಡಿಭಾಗಗಳ ಪಟ್ಟಿಗೆ ತಾಳೆ ಆಗ್ಬೇಕು ಅನ್ನೋ ಅವರ ಕಾರಣವೂ ನ್ಯಾಯವಾದ್ದೇ. ಆದ್ರೆ ಇಂಡೆಕ್ಸ್‌ನಲ್ಲಿ "ಪಾನಾ, ಸ್ಪ್ಯಾನರ್ ನೋಡಿ" ಅಂತ ಹಾಕೋಕೆ ಯಾರ ತಕರಾರೂ ಬರ್ಲಿಲ್ಲ. ಕಂಪನಿಯ ಪದಕ್ಕೂ ಗ್ಯಾರೇಜಿನ ಪದಕ್ಕೂ ಒಂದೇ ಪುಸ್ತಕದಲ್ಲಿ ಜಾಗ ಸಿಕ್ಕಿದ್ದು ಇಂಡೆಕ್ಸ್‌ನಲ್ಲೇ. ಈ ಅನುಕೂಲ ನನಗೆ ಮುಂಚೆ ಹೊಳೆದೇ ಇರ್ಲಿಲ್ಲ.

ಕನ್ನಡದಲ್ಲಿ ಇನ್ನೊಂದು ಗಮನಿಸಿದ್ವಿ. ಇಂಗ್ಲಿಷ್ ಮ್ಯಾನ್ಯುಯಲ್‌ಗಳಲ್ಲಿ ಹೆಡಿಂಗ್ ಕ್ರಿಯಾಪದದಿಂದ ಶುರು ಆಗುತ್ತೆ, ಹಾಗಾಗಿ ಅದನ್ನೇ ಇಂಡೆಕ್ಸ್‌ಗೆ ಹಾಕಿದ್ರೆ ಚೇಂಜಿಂಗ್, ಚೆಕಿಂಗ್, ರಿಮೂವಿಂಗ್ ಅಂತ ಕೆಲವೇ ಅಕ್ಷರಗಳ ಕೆಳಗೆ ಎಲ್ಲ ಬಂದು ಗುಂಪಾಗುತ್ತೆ. ನಮ್ಮಲ್ಲಿ "ಆಯಿಲ್ ಬದಲಾಯಿಸುವುದು", "ಬೆಲ್ಟ್ ಬಿಗಿ ಮಾಡುವುದು" ಅಂತ ವಸ್ತು ಮೊದಲು ಬರುತ್ತೆ, ಕ್ರಿಯೆ ಕೊನೆಗೆ. ಭಾಷೆಯೇ ಅರ್ಧ ಇಂಡೆಕ್ಸ್ ಮಾಡಿಕೊಟ್ಟ ಹಾಗೆ.

ಅದೇ ಭಾಷೆ ಇನ್ನೊಂದು ಕಡೆ ಕಷ್ಟ ಕೊಡ್ತು, ಸ್ಪೆಲಿಂಗ್. ಎಂಜಿನ್ ಅಂತ ಕೆಲವರು ಬರೀತಾರೆ, ಇಂಜಿನ್ ಅಂತ ಕೆಲವರು. ಓದೋವಾಗ ಏನೂ ತೊಂದ್ರೆ ಇಲ್ಲ, ಇಂಡೆಕ್ಸ್‌ನಲ್ಲಿ ಮಾತ್ರ ಇ ಎಲ್ಲೋ, ಎ ಎಲ್ಲೋ, ನಡುವೆ ಇಡೀ ಪುಟ. ಶಾಫ್ಟ್, ಷಾಫ್ಟ್. ಗೇರ್, ಗಿಯರ್. ಆಯಿಲ್, ಎಣ್ಣೆ. ಮೊದಲ ಅಕ್ಷರವೋ ಎರಡನೇದೋ ಬದಲಾಗೋ ಇಂಥ ಜೋಡಿಗಳನ್ನೆಲ್ಲ ಪಟ್ಟಿ ಮಾಡಿ, ಒಂದನ್ನ ಮುಖ್ಯ ಅಂತ ಇಟ್ಟು ಇನ್ನೊಂದರಿಂದ ದಾರಿ ಹಾಕಿದ್ವಿ. ಪದದ ಕೊನೇಲಿ ಬದಲಾಗೋದನ್ನ ಬಿಟ್ವಿ, ಅದು ಹುಡುಕೋನನ್ನ ದಾರಿ ತಪ್ಪಿಸಲ್ಲ.

ಅಕಾರಾದಿ ಅನ್ನೋ ಕಗ್ಗಂಟು

ಪ್ರೆಸ್‌ಗೆ ಕೊಡೋಕೆ ಪಟ್ಟಿಯನ್ನ ಸಾರ್ಟ್ ಮಾಡಿದ್ದು ನಮ್ಮ ಆಫೀಸಿನ ಹುಡುಗ ಬರೆದ ಒಂದು ಸಣ್ಣ ಸ್ಕ್ರಿಪ್ಟ್. ಅದು ಯೂನಿಕೋಡ್ ಕೋಡ್ ಸಂಖ್ಯೆಗಳ ಕ್ರಮದಲ್ಲೇ ಜೋಡಿಸ್ತಿತ್ತು. ನೋಡಿದ್ರೆ ಎಲ್ಲ ಸರಿ ಇದ್ದ ಹಾಗೇ ಕಾಣುತ್ತೆ, ಆದ್ರೆ ಯೂನಿಕೋಡ್‌ನಲ್ಲಿ ಳ ಇರೋದು ಲ ಆದ ತಕ್ಷಣ, ವ-ಗಿಂತ ಮುಂಚೆ. ನಮ್ಮ ವರ್ಣಮಾಲೆಯಲ್ಲಿ ಳ ಬರೋದು ಹ ಆದ ಮೇಲೆ, ಎಲ್ಲಕ್ಕಿಂತ ಕೊನೆಗೆ. ಹಾಗಾಗಿ "ಬಳಸಿದ ಆಯಿಲ್" ಬಂದು "ಬಸಿಯುವ ಬೋಲ್ಟ್"ಗಿಂತ ಮುಂಚೆ ಕೂತಿತ್ತು, "ಹಳೇ ಆಯಿಲ್" ಕೂಡ ಮೇಲೆ ಹೋಗಿತ್ತು. ಸುಮಾ ಪ್ರೂಫ್ ನೋಡ್ತಾ ಇದನ್ನ ಹಿಡಿದದ್ದು. ಸ್ಕ್ರಿಪ್ಟ್‌ನಲ್ಲಿ ಳ-ಗೆ ಹ ಆದ ಮೇಲಿನ ಜಾಗ ಕೊಟ್ಟು ಸರಿ ಮಾಡಿದ್ವಿ.

ಅನುಸ್ವಾರದ್ದು ಬೇರೆ. ಶಾಲೆಯ ಕಾಗುಣಿತದಲ್ಲಿ ಪಂ ಬರೋದು ಪೌ ಆದ ಮೇಲೆ, ನಿಘಂಟುಗಳಲ್ಲಿ ಸಾಮಾನ್ಯವಾಗಿ ಅಂಕ, ಅಂಗಡಿ ಇವೆಲ್ಲ ಮೊದಲೇ ಬರುತ್ತೆ. ಪಂಪ್ ಎಲ್ಲಿರ್ಬೇಕು? ನಿಘಂಟಿನ ಕ್ರಮ ಇಟ್ಕೊಂಡ್ವಿ, ಎಂಜಿನ್ ಮತ್ತೆ ಪಂಪ್ ಆಯಾ ಅಕ್ಷರದ ತಲೆಯಲ್ಲೇ ಬಂದ್ವು, ಎರಡೂ ಜಾಸ್ತಿ ಬೇಕಾಗೋ ಪದಗಳು, ಒಳ್ಳೇದೇ ಆಯ್ತು.

ನಿಜವಾಗಿ ತಲೆ ಕೆಡಿಸಿದ್ದು ಒತ್ತಕ್ಷರ. ಮೆಷಿನ್ ಪದಗಳೆಲ್ಲ ಇಂಗ್ಲಿಷಿಂದ ಬಂದಿರೋದ್ರಿಂದ ಕ್ಲಚ್, ಬ್ರೇಕ್, ಗ್ರೀಸ್, ಟ್ಯಾಂಕ್, ಸ್ಟಾರ್ಟ್, ಫ್ಯಾನ್, ಗ್ಯಾಸ್ಕೆಟ್, ಎಲ್ಲದರ ಮೊದಲ ಅಕ್ಷರಕ್ಕೇ ಒತ್ತು. ಅವೆಲ್ಲ ಆಯಾ ಅಕ್ಷರದ ಕಟ್ಟ ಕಡೆಗೆ ಹೋಗಿ ಸೇರುತ್ವೆ, ಕೌ ಆದ ಮೇಲೆ ಕ್ಲ. ಗ್ಯಾರೇಜಿನ ಹುಡುಗನೊಬ್ಬನಿಗೆ ಕ್ಲಚ್ ಹುಡುಕು ಅಂದಾಗ ಅವನು ಕ ಶುರುವಿನಿಂದ ಹತ್ತು ಸಾಲು ನೋಡಿ, ಇಲ್ಲ ಅಂತ ಬಿಟ್ಬಿಟ್ಟ. ಕ್ರಮ ಬದಲಾಯಿಸೋದು ಬೇಡ ಅಂತ ತೀರ್ಮಾನಿಸಿದ್ವಿ, ಅದು ಇನ್ನೊಂದು ಗೊಂದಲಕ್ಕೆ ದಾರಿ. ಅದರ ಬದಲು ಪ್ರತಿ ಅಕ್ಷರದಲ್ಲೂ ಒತ್ತಕ್ಷರ ಶುರು ಆಗೋ ಕಡೆ ಒಂದು ಸಾಲು ಜಾಗ ಬಿಟ್ಟು, ದಪ್ಪ ಅಕ್ಷರದಲ್ಲಿ "ಕ್ರ, ಕ್ಲ" ಅಂತ ಸಣ್ಣ ತಲೆಬರಹ ಕೊಟ್ವಿ. ಅಷ್ಟಕ್ಕೇ ಆ ಹುಡುಗನ ಕಣ್ಣು ನೇರ ಅಲ್ಲಿಗೆ ಹೋಯ್ತು.

ಪುಟ ಸಂಖ್ಯೆಯದ್ದು ಒಂದು ಪ್ರಸಂಗ

ಪ್ರೆಸ್‌ಗೆ ಹೋಗೋ ಮುಂಚಿನ ದಿನ ಕಂಪನಿಯೋರು ಶುರುವಿನಲ್ಲಿ ಎರಡು ಪುಟ ಸುರಕ್ಷತಾ ಎಚ್ಚರಿಕೆ ಸೇರಿಸಿ ಅಂದ್ರು. ಪ್ರೆಸ್‌ನಲ್ಲಿ ಇಂಡೆಕ್ಸ್‌ನ ಪುಟ ಸಂಖ್ಯೆಗಳನ್ನ ಕೈಯಲ್ಲಿ ಟೈಪ್ ಮಾಡಿದ್ರು, ವರ್ಡ್‌ನಲ್ಲಿದ್ದ ಗುರುತುಗಳು ಆ ಸಾಫ್ಟ್‌ವೇರ್‌ಗೆ ಬಂದಿರ್ಲಿಲ್ಲ. ಎರಡು ಪುಟ ಸೇರಿದ್ರೆ ಇಡೀ ಇಂಡೆಕ್ಸ್ ಸುಳ್ಳು. ಅಧ್ಯಾಯವಾರು ಸಂಖ್ಯೆ ಕೊಟ್ಟುಬಿಡೋಣ, 4ನೇ ಅಧ್ಯಾಯದ 7ನೇ ಪುಟಕ್ಕೆ 4-7 ಅಂತ, ಆಗ ಒಂದು ಕಡೆ ಸೇರಿಸಿದ್ರೆ ಬೇರೆ ಅಧ್ಯಾಯ ಅಲುಗಾಡಲ್ಲ ಅಂತ ನಾನು ಹೇಳಿದೆ, ಎಷ್ಟೋ ಟೆಕ್ನಿಕಲ್ ಮ್ಯಾನ್ಯುಯಲ್‌ಗಳಲ್ಲಿ ಇರೋ ಪದ್ಧತಿನೇ ಅದು. ಸುಮಾ ಫೋನಲ್ಲಿ ಮೇಸ್ತ್ರಿಗೆ "4-7 ಅಂದ್ರೆ ಏನು ಅನ್ಸುತ್ತೆ" ಅಂತ ಕೇಳಿದ್ಲು. "ನಾಕನೇ ಪುಟದಿಂದ ಏಳನೇ ಪುಟದ್ಗಂಟ" ಅಂದ್ರು. ಸರಿ, ಅದನ್ನ ಬಿಟ್ವಿ. ಹೊಸ ಎರಡು ಪುಟಗಳನ್ನ ಪುಸ್ತಕದ ಸಂಖ್ಯೆಯಿಂದ ಹೊರಗಿಟ್ಟು ಅ, ಆ ಅಂತ ಅಕ್ಷರದ ಸಂಖ್ಯೆ ಕೊಟ್ಟು ಮುಂದೆ ಸೇರಿಸಿದ್ವಿ. ಮುಂದಿನ ಕೆಲಸಗಳಿಗೆ, ಪುಟ ಫ್ರೀಜ್ ಆಯ್ತು ಅಂತ ಲಿಖಿತವಾಗಿ ಬರೋವರ್ಗೂ ಇಂಡೆಕ್ಸ್‌ಗೆ ಸಂಖ್ಯೆ ತುಂಬೋದಿಲ್ಲ ಅಂತ ಷರತ್ತು ಹಾಕ್ತಿದೀವಿ, ಪದಗಳ ಕೆಲಸ ಮಾತ್ರ ಮುಂಚೆನೇ ಶುರು ಮಾಡ್ತೀವಿ.

ಏನಾಯ್ತು

ಎರಡನೇ ಇಂಡೆಕ್ಸ್ ಒಂಬತ್ತು ಪುಟ ಬಂತು. ಕಂಪನಿ ಏಳಕ್ಕೆ ಇಳಿಸಿ ಅಂತ ಕೇಳ್ತು, ಅಕ್ಷರದ ಸೈಜ್ ಇಳಿಸೋದು ಬೇಡ, ಬೆಳಕು ಕಮ್ಮಿ ಇರೋ ಶೆಡ್‌ನಲ್ಲಿ ಓದೋದು ಅಂತ ಹೇಳಿ ಒಂಬತ್ತನ್ನೇ ಉಳಿಸ್ಕೊಂಡ್ವಿ. ಅಚ್ಚಿಗೆ ಮುಂಚೆ ಪ್ರೂಫ್ ತಗೊಂಡು ಮೂರು ಗ್ಯಾರೇಜಿಗೆ ಹೋಗಿ, ಒಬ್ಬೊಬ್ಬರಿಗೂ ಹತ್ತು ಪ್ರಶ್ನೆ ಕೊಟ್ವಿ, ಪದ ನಾವು ಹೇಳದೆ ಮೆಷಿನ್ ತೋರಿಸಿ ಅಥವಾ ತೊಂದ್ರೆ ವಿವರಿಸಿ. ಮೇಸ್ತ್ರಿ "ಗಾಳಿ ಹಿಡಿದಿರುವುದು, ಡೀಸೆಲ್ ಲೈನಿನಲ್ಲಿ, 71" ಅನ್ನೋ ಸಾಲಿಗೆ ನೇರ ಬಂದ್ರು. ಎಲ್ಲ ಸರಿ ಹೋಯ್ತು ಅಂತ ಅಲ್ಲ. ಬೆಲ್ಟ್‌ನ "ಪಟ್ಟಿ" ಅಂತ ಇಬ್ಬರು ಹುಡುಕಿದ್ರು, ನಮ್ಮಲ್ಲಿ ಇರ್ಲಿಲ್ಲ, ಅವತ್ತೇ ಸೇರಿಸಿದ್ವಿ. ಟೈಟ್ ಮಾಡೋ ಟಾರ್ಕ್ ಎಷ್ಟು ಅನ್ನೋದಕ್ಕೆ ಟಾರ್ಕ್ ಅಂತ ಯಾರೂ ಹೋಗ್ಲಿಲ್ಲ, ಬೋಲ್ಟ್ ಹೆಸರಿಗೇ ಹೋದ್ರು, ಹಾಗಾಗಿ ಪ್ರತಿ ಮುಖ್ಯ ಬೋಲ್ಟ್ ಕೆಳಗೂ "ಎಷ್ಟು ಬಿಗಿ" ಅಂತ ಒಂದು ಉಪ ಎಂಟ್ರಿ ಬಂತು.

ಸುಮಾ ಮತ್ತೆ ನಾನು ಇದ್ರಿಂದ ಕಲಿತದ್ರಲ್ಲಿ ಮುಖ್ಯವಾದ್ದು ಏನು ಅಂತ ಹೊಸಬರು ಕೇಳಿದಾಗ ನಾನು ಮೊದಲು ಹೇಳೋದು ಸಮಯದ ಲೆಕ್ಕ. ಆರು ದಿನದಲ್ಲಿ ಎಂಟ್ರಿ ಬರೆಯೋಕೆ ಹಿಡಿದದ್ದು ಮೂರು ದಿನ, ಉಳಿದ ಮೂರು ದಿನ ಪೂರ್ತಿ ಎಡಿಟಿಂಗ್: ಎರಡು ಕಡೆ ಹಾಕಿದ ಎಂಟ್ರಿಗಳಲ್ಲಿ ಪುಟ ಒಂದೇ ಇದೆಯಾ, "ನೋಡಿ" ಅಂದ ಕಡೆ ನಿಜವಾಗ್ಲೂ ಆ ಪದ ಇದೆಯಾ, ಅದೂ ಮತ್ತೊಂದು ಕಡೆ "ನೋಡಿ" ಅಂತ ಓಡಿಸ್ತಿಲ್ಲ ತಾನೇ. ಇಂಥದ್ದು ನಮ್ಮಲ್ಲಿ ನಾಲ್ಕು ಸಿಕ್ಕಿತ್ತು. ಮೊದಲ ಸಲ ಎಡಿಟಿಂಗ್‌ಗೆ ಸಮಯವೇ ಇರ್ಲಿಲ್ಲ. ಇಂಡೆಕ್ಸ್ ಬಗ್ಗೆ ಐಎಸ್‌ಒ 999 ಅನ್ನೋ ಅಂತಾರಾಷ್ಟ್ರೀಯ ಮಾನದಂಡ ಇದೆ, 1996ರದ್ದು, ಇಂಗ್ಲೆಂಡಿನಲ್ಲಿ ಇಂಡೆಕ್ಸ್ ಮಾಡೋರದ್ದೇ ಒಂದು ಸಂಘ 1957ರಿಂದ ನಡೀತಿದೆ. ಅಂದ್ರೆ ಇದನ್ನ ಬೇರೆಯೇ ಒಂದು ಕಸುಬು ಅಂತ ನೋಡ್ತಾರೆ, ಪುಸ್ತಕ ಮುಗಿದ ಮೇಲೆ ಉಳಿದ ಅರ್ಧ ದಿನದ ಕೆಲಸ ಅಂತ ಅಲ್ಲ. ಆ ಮಾನದಂಡ ಓದೋದು ಒಳ್ಳೇದೇ, ಆದ್ರೆ ನನ್ನ ಅನುಭವದಲ್ಲಿ ಓದೋದಕ್ಕಿಂತ ಮುಂಚೆ ಒಂದು ಸಲ ಗ್ಯಾರೇಜಿಗೋ, ಆಸ್ಪತ್ರೆಯ ಲ್ಯಾಬ್‌ಗೋ, ಮ್ಯಾನ್ಯುಯಲ್ ಎಲ್ಲಿ ಬಳಕೆ ಆಗುತ್ತೋ ಅಲ್ಲಿಗೆ ಹೋಗಿ ಒಂದು ಗಂಟೆ ಬಾಯಿ ಮುಚ್ಕೊಂಡು ಆ ಬೆರಳು ಎಲ್ಲಿಗೆ ಹೋಗುತ್ತೆ ಅಂತ ನೋಡ್ಬೇಕು. ಅವತ್ತು ಸುಮಾ "71ನೇ ಪುಟ ನೋಡಿ ಮೇಸ್ತ್ರಿ" ಅಂತ ಹೇಳಿಬಿಟ್ಟಿದ್ರೆ ಮೊದಲನೇ ಇಂಡೆಕ್ಸೇ ಅಚ್ಚಾಗ್ತಿತ್ತು.

ಕೊನೇ ಇಂಡೆಕ್ಸ್ ಪುಟದಲ್ಲಿ ಅರ್ಧ ಪುಟ ಖಾಲಿ ಉಳಿದಿತ್ತು. ಸುಮಾ ಅಲ್ಲಿ ಗೆರೆ ಹಾಕ್ಸಿ "ನೀವು ಹುಡುಕಿದ ಪದ ಇಲ್ಲಿ ಸಿಗದಿದ್ದರೆ ಬರೆದಿಡಿ" ಅಂತ ಅಚ್ಚು ಹಾಕ್ಸಿದ್ಲು. ಹೋದ ತಿಂಗಳು ಆ ಗ್ಯಾರೇಜಿಂದ ಒಂದು ಪುಟದ ಫೋಟೋ ವಾಟ್ಸ್ಆಪ್‌ನಲ್ಲಿ ಬಂತು. ಗ್ರೀಸ್ ಬೆರಳಚ್ಚಿನ ಮಧ್ಯೆ ಬಾಲ್ ಪೆನ್ನಲ್ಲಿ ಏಳು ಪದ, ಮೂರರ ಮುಂದೆ ಪುಟ ಸಂಖ್ಯೆಯನ್ನೂ ಅವರೇ ಹುಡುಕಿ ಬರೆದಿದ್ರು. ಆ ಏಳೂ ಈಗ ಸುಮಾಳ ಪಟ್ಟಿಯಲ್ಲಿ ಸೇರಿವೆ, ಎರಡನೇ ಮುದ್ರಣಕ್ಕೆ.